ಜಾಲದ ಮೂಲಕ ಡಿಸ್ಕ್ ಇಮೇಜ್ ಬೂಟಿಂಗ್

ಜಾಲ ಬೂಟಿಂಗ್ ಎಂದರೆ ಗಣಕಯಂತ್ರವು ತನ್ನೊಳಗಿನ ಹಾರ್ಡ್ ಡಿಸ್ಕ್, ಸಿ.ಡಿ. ಅಥವಾ ಪೆನ್‌ಡ್ರೈವ್‌ಗಳನ್ನು ಅವಲಂಬಿಸದೆ, ಜಾಲದಲ್ಲಿರುವ ಸರ್ವರ್‌ನಿಂದ ಕಾರ್ಯಾಚರಣಾ ವ್ಯವಸ್ಥೆಯನ್ನು ಪಡೆದು ಚಾಲನೆಗೊಳ್ಳುವ ವಿಧಾನ. ಹತ್ತಾರು ಗಣಕಗಳಿರುವ ಪ್ರಯೋಗಾಲಯದಲ್ಲಿ ಒಂದೊಂದಕ್ಕೂ ಡಿಸ್ಕ್ ಹಾಕಿ ಕಾಯುವ ಶ್ರಮವನ್ನು ಇದು ತಪ್ಪಿಸುತ್ತದೆ. ಆದರೆ ಐಎಸ್‌ಒ ಕಡತವೊಂದನ್ನು ಸರ್ವರ್‌ನಲ್ಲಿ ಇರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಇಮೇಜ್ ಗಣಕವನ್ನು ತಲುಪುವುದು ಬೇರೆ, ಅದರೊಳಗಿನ ವ್ಯವಸ್ಥೆಯು ಪೂರ್ಣವಾಗಿ ಚಾಲನೆಗೊಳ್ಳುವುದು ಬೇರೆ.

ಹಿನ್ನೆಲೆ

ಡಿಸ್ಕ್‌ಗಳು ಬಹಳ ದುಬಾರಿಯಾಗಿದ್ದ 1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್‌ಗಳನ್ನು ಮಾರುತ್ತಿತ್ತು. 1985ರಲ್ಲಿ ಬೂಟ್‌ಪಿ ಎಂಬ ನಿಯಮಾವಳಿ ಪ್ರಕಟವಾಯಿತು. ಇಂದು ಬಳಕೆಯಲ್ಲಿರುವ ಪಿಎಕ್ಸ್‌ಇಯ 2.1ನೇ ಆವೃತ್ತಿಯನ್ನು ಇಂಟೆಲ್ ಸಂಸ್ಥೆಯು 1999ರಲ್ಲಿ ಹೊರತಂದಿತು.

ಕಾರ್ಯವಿಧಾನ

ಚಾಲೂ ಆದ ಕ್ಷಣದಲ್ಲಿ ಗಣಕಕ್ಕೆ ಜಾಲದಲ್ಲಿ ತನ್ನ ವಿಳಾಸವೇನೆಂಬುದೇ ತಿಳಿದಿರುವುದಿಲ್ಲ. ಅದರ ಜಾಲಕಾರ್ಡ್ ಇಡೀ ಜಾಲಕ್ಕೆ ಕೇಳುವಂತೆ ಒಂದು ಕೋರಿಕೆಯನ್ನು ಕಳುಹಿಸುತ್ತದೆ. ಡಿಎಚ್‌ಸಿಪಿ ಸರ್ವರ್ ಅದಕ್ಕೊಂದು ಐಪಿ ವಿಳಾಸವನ್ನೂ, ಬೂಟ್ ಕಡತದ ಹೆಸರನ್ನೂ, ಅದು ದೊರೆಯುವ ಸರ್ವರ್‌ನ ವಿಳಾಸವನ್ನೂ ನೀಡುತ್ತದೆ. ಆ ಚಿಕ್ಕ ಕಡತವು ಟಿಎಫ್‌ಟಿಪಿ ಮೂಲಕ ಬಂದು, ಮುಂದಿನ ಕೆಲಸವನ್ನು ವಹಿಸಿಕೊಳ್ಳುತ್ತದೆ.

ಟಿಎಫ್‌ಟಿಪಿ ಸರಳವಾದರೂ ನಿಧಾನ. ಮೂಲ ನಿಯಮದಂತೆ ಅದು ಒಮ್ಮೆಗೆ 512 ಬೈಟ್‌ಗಳನ್ನು ಕಳುಹಿಸಿ, ತಲುಪಿದೆಯೆಂಬ ಉತ್ತರ ಬಂದ ನಂತರವೇ ಮುಂದಿನ ತುಣುಕನ್ನು ಕಳುಹಿಸುತ್ತದೆ. 700 ಮೆಗಾಬೈಟ್‌ನ ಒಂದು ಸಿ.ಡಿ. ಇಮೇಜ್ ಎಂದರೆ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ತುಣುಕುಗಳು! ಆದ್ದರಿಂದ ಐಪಿಎಕ್ಸ್‌ಇ ಎಂಬ ಮುಕ್ತ ತಂತ್ರಾಂಶವನ್ನು ಮೊದಲು ತರಿಸಿಕೊಂಡು, ದೊಡ್ಡ ಕಡತಗಳನ್ನು ಎಚ್‌ಟಿಟಿಪಿ ಮೂಲಕ ಪಡೆಯುವುದು ವಾಡಿಕೆ.

ಇಮೇಜ್ ಅರ್ಧದಲ್ಲಿ ನಿಲ್ಲುವುದೇಕೆ?

ಸಿಸ್‌ಲಿನಕ್ಸ್ ಯೋಜನೆಯ ಮೆಮ್‌ಡಿಸ್ಕ್ ಇಡೀ ಇಮೇಜನ್ನು ರ್‍ಯಾಮ್‌ಗೆ ತುಂಬಿ, ಅಲ್ಲಿ ನಿಜವಾದ ಡಿಸ್ಕ್ ಇರುವಂತೆ ಬಯೋಸ್ ಮೂಲಕ ತೋರಿಸುತ್ತದೆ. ಬಯೋಸನ್ನೇ ನಂಬಿರುವ ಡಾಸ್‌ನಂತಹ ಹಳೆಯ ವ್ಯವಸ್ಥೆಗಳಿಗೆ ಇದು ಸಾಕು. ಲಿನಕ್ಸ್ ಕರ್ನಲ್ ಹಾಗಲ್ಲ. ಅದು ಒಮ್ಮೆ ಚಾಲನೆಗೊಂಡ ಮೇಲೆ ಬಯೋಸನ್ನು ಬದಿಗೊತ್ತಿ, ತನ್ನದೇ ಡ್ರೈವರ್‌ಗಳಿಂದ ಸಾಧನಗಳನ್ನು ಹುಡುಕುತ್ತದೆ. ಆಗ ಬಯೋಸ್ ತೋರಿಸುತ್ತಿದ್ದ ಡಿಸ್ಕ್ ಅದರ ಕಣ್ಣಿಗೆ ಬೀಳುವುದಿಲ್ಲ. ಪರದೆಯ ಮೇಲೆ ಮೆನು ಮೂಡಿ, ಕರ್ನಲ್‌ನ ಸಾಲುಗಳು ಓಡಿ, ಕೊನೆಗೆ ಸಿ.ಡಿ. ಸಿಗಲಿಲ್ಲವೆಂದು ಎಲ್ಲವೂ ನಿಲ್ಲುವುದು ಇದರಿಂದಲೇ. ಹೊಸಬರು ಸಾಮಾನ್ಯವಾಗಿ ಇಮೇಜ್ ಕೆಟ್ಟಿದೆಯೆಂದು ಭಾವಿಸಿ ಅದನ್ನೇ ಮತ್ತೆ ಮತ್ತೆ ಇಳಿಸಿಕೊಳ್ಳುತ್ತಾರೆ.

ಇಮೇಜನ್ನು ಬಿಚ್ಚಿ, ಅದರಲ್ಲಿರುವ ಕರ್ನಲ್ ಮತ್ತು ಇನಿಟ್‌ಆರ್‌ಡಿ ಕಡತಗಳನ್ನು ಪ್ರತ್ಯೇಕವಾಗಿ ಕಳುಹಿಸುವುದು ಹೆಚ್ಚು ಭರವಸೆಯ ಮಾರ್ಗ. ಉಳಿದ ಭಾಗವು ಎನ್‌ಎಫ್‌ಎಸ್ ಅಥವಾ ಎಚ್‌ಟಿಟಿಪಿಯಲ್ಲಿ ಎಲ್ಲಿ ದೊರೆಯುತ್ತದೆ ಎಂಬುದನ್ನು ಕರ್ನಲ್‌ಗೆ ನೀಡುವ ಆದೇಶದ ಸಾಲಿನಲ್ಲಿ ತಿಳಿಸಬೇಕು. ಈ ಸೂಚನೆಯ ರೂಪವು ಡೆಬಿಯನ್, ಫೆಡೋರಾ ಮೊದಲಾದವುಗಳಲ್ಲಿ ಬೇರೆಬೇರೆಯಾಗಿರುತ್ತದೆ.

ಸುರಕ್ಷತೆ

ಡಿಎಚ್‌ಸಿಪಿ ಮತ್ತು ಟಿಎಫ್‌ಟಿಪಿಗಳ ಸಾಮಾನ್ಯ ಬಳಕೆಯಲ್ಲಿ ಉತ್ತರಿಸುವವರು ಯಾರೆಂಬ ಪರಿಶೀಲನೆ ಇರುವುದಿಲ್ಲ. ಅದೇ ಜಾಲದಲ್ಲಿರುವ ಬೇರೊಂದು ಯಂತ್ರವು ಮೊದಲು ಉತ್ತರಿಸಿದರೆ, ಗಣಕವು ಅದು ಕೊಟ್ಟ ಕಡತವನ್ನೇ ಚಾಲನೆಗೊಳಿಸಬಹುದು. ಅಧಿಕೃತ ಸಹಿಯಿಲ್ಲದ ಬೂಟ್ ಕಡತಗಳನ್ನು ಯುಇಎಫ್‌ಐನ ಸೆಕ್ಯೂರ್ ಬೂಟ್ ತಡೆಯುತ್ತದೆ. ಪ್ರಯೋಗಕ್ಕೆಂದು ಹೊಸ ಡಿಎಚ್‌ಸಿಪಿ ಸರ್ವರ್ ಹೂಡುವವರು ಅದನ್ನು ಶಾಲೆ ಅಥವಾ ಕಚೇರಿಯ ಚಾಲ್ತಿ ಜಾಲಕ್ಕೆ ಜೋಡಿಸದೆ, ಪ್ರತ್ಯೇಕ ಸ್ವಿಚ್‌ನಲ್ಲಿ ಇರಿಸಿಕೊಳ್ಳುವುದು ಲೇಸು.