ಮತ್ತೆ ತೆರೆ ಎದ್ದ ಒಪೆರಾ ಹೌಸ್

ಮುಂಬಯಿಯ ಚರ್ನಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ತುಸು ನಡೆದರೆ ರಾಯಲ್ ಒಪೆರಾ ಹೌಸ್. 1993ರಲ್ಲಿ ಬಾಗಿಲು ಮುಚ್ಚಿ, 23 ವರ್ಷ ಹಾಗೇ ಸೊರಗುತ್ತ ನಿಂತಿದ್ದಾಗಲೂ ಸುತ್ತಲ ಪ್ರದೇಶವನ್ನು ಜನ ಕರೆದದ್ದು ‘ಒಪೆರಾ ಹೌಸ್’ ಎಂದೇ. ವಜ್ರದ ವಹಿವಾಟು ನಡೆಯುವ ಜಾಗ, ಗೇಣು ನೆಲಕ್ಕೂ ಲಕ್ಷಗಳ ಬೆಲೆ. ಅಲ್ಲೊಂದು ಹಳೆಯ ರಂಗಮಂದಿರ ನೆಲಸಮವಾಗದೆ ಉಳಿದದ್ದೇ ಹೆಚ್ಚು. 1952ರಿಂದ ಅದು ಗೊಂಡಲ್ ರಾಜಮನೆತನದ ಕೈಯಲ್ಲಿತ್ತು. ನಷ್ಟದ ದಿನಗಳಲ್ಲೂ ಅವರು ಅದನ್ನು ಬಿಟ್ಟುಕೊಡಲಿಲ್ಲ. ಉಳಿದೆಲ್ಲ ಶ್ರೇಯಸ್ಸಿಗಿಂತ ಮೊದಲು ಸಲ್ಲಬೇಕಾದದ್ದು ಆ ಹಟಕ್ಕೆ.

ಕಲ್ಕತ್ತೆಯ ರಂಗೋದ್ಯಮಿ ಮಾರಿಸ್ ಬ್ಯಾಂಡ್‌ಮನ್ ಮತ್ತು ಪಾರ್ಸಿ ವರ್ತಕ ಜಹಾಂಗೀರ್ ಫ್ರಾಮ್ಜಿ ಕರಾಕಾ ಇದನ್ನು ಕಟ್ಟಿಸಿದವರು. ಕೆಲಸ ಪೂರ್ತಿಯಾಗುವ ಮೊದಲೇ, 1911ರಲ್ಲಿ, ಐದನೇ ಜಾರ್ಜ್ ದೊರೆಯಿಂದ ಉದ್ಘಾಟನೆಯಾಯಿತು. ಒಪೆರಾಕ್ಕೆಂದು ಎದ್ದ ವೇದಿಕೆ ಬಹುಬೇಗ ಈ ನೆಲದ್ದಾಯಿತು. ಮರಾಠಿ ರಂಗಭೂಮಿಯ ನಟ-ಗಾಯಕರಾದ ಬಾಲಗಂಧರ್ವ, ದೀನಾನಾಥ ಮಂಗೇಶ್ಕರ್ ಇಲ್ಲಿ ಹಾಡಿದರು. ಮೂವತ್ತರ ದಶಕದಲ್ಲಿ ಸಿನಿಮಾ ಬಂದು ಕೂತಿತು. ಪೃಥ್ವಿರಾಜ್ ಕಪೂರ್ ತಂಡದವರು ಚಿತ್ರಪ್ರದರ್ಶನ ಇಲ್ಲದ ಬೆಳಗಿನ ಹೊತ್ತಿನಲ್ಲಿ ನಾಟಕವಾಡುತ್ತಿದ್ದರು. ಆಟ ಮುಗಿದ ಮೇಲೆ, ಕಷ್ಟದಲ್ಲಿದ್ದವರಿಗಾಗಿ ಪೃಥ್ವಿರಾಜರೇ ಜೋಳಿಗೆ ಹಿಡಿದು ನಿಲ್ಲುತ್ತಿದ್ದರು.

ಸಿನಿಮಾಕ್ಕಾಗಿ ಕಟ್ಟಡದ ಒಳಮೈ ಬದಲಾಗಿತ್ತು: ವೇದಿಕೆಯ ಇಕ್ಕೆಲದ ರಾಜವೈಭವದ ಬಾಕ್ಸುಗಳು (ಗಣ್ಯರ ಆಸನಕೋಣೆಗಳು) ಮಾಯವಾಗಿದ್ದವು, ಗೋಡೆಗಳ ಮೇಲೆ ಬಣ್ಣದ ಮೇಲೆ ಬಣ್ಣ ಬಿದ್ದಿತ್ತು. ಛಾವಣಿಯಂತೂ ಸೋರುತ್ತಿತ್ತು. ಜೀರ್ಣೋದ್ಧಾರದ ಹೊಣೆ ಹೊತ್ತವರು ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ. ಹಂಪಿಯ ಚಂದ್ರಮೌಳೇಶ್ವರ ದೇಗುಲದ ಸಂರಕ್ಷಣೆಯಲ್ಲೂ ದುಡಿದವರು. ಮೊದಲು ಶಿಥಿಲವಾದ ಬಾಲ್ಕನಿ, ಛಾವಣಿಗಳಿಗೆ ಬಲ ಕೊಟ್ಟು, ಬಳಿಕ ಅಲಂಕಾರಕ್ಕೆ ಕೈಹಾಕಿದರು. ಪದರ ಪದರವಾಗಿ ಬಣ್ಣ ಕೆರೆದು ಹಳೆಯದನ್ನು ಹುಡುಕಿದರು. ಕಳೆದುಹೋದ ಬಾಕ್ಸುಗಳನ್ನು ಹಳೆಯ ಛಾಯಾಚಿತ್ರಗಳ ಆಧಾರದಿಂದ ಮತ್ತೆ ಕಟ್ಟಿದರು. ಕವಿ, ನಾಟಕಕಾರರಿಗೆ ಮೀಸಲಾದ ಎಂಟು ಭಾಗಗಳ ಗುಮ್ಮಟ ಮತ್ತೆ ಮಿರುಗಿತು.

ಇಲ್ಲಿ ನನಗೊಂದು ಪ್ರಶ್ನೆ ಉಳಿಯುತ್ತದೆ. ಜನಸಾಮಾನ್ಯರು ಟಿಕೆಟ್ ಕೊಂಡು ಸಿನಿಮಾ ನೋಡಿದ ಆರು ದಶಕಗಳೂ ಈ ಕಟ್ಟಡದ ಚರಿತ್ರೆಯೇ ತಾನೆ? ಬರೋಕ್ ಶೈಲಿಯ ಚೆಲುವು ಮರಳಿದ್ದಕ್ಕೆ ಮನಸ್ಸು ತುಂಬುತ್ತದೆ. ಆ ಪ್ರೇಕ್ಷಕರ ಗುರುತೂ ಒಂದು ಮೂಲೆಯಲ್ಲಿ ಇರಬೇಕಿತ್ತು ಅನ್ನಿಸುತ್ತದೆ.

ಆದರೂ ಹೊಸ ಬಾಳಿಗೆ ಸಿನಿಮಾವೇ ಜೊತೆಯಾಯಿತು. 2016ರ ಅಕ್ಟೋಬರಿನಲ್ಲಿ ಬಾಗಿಲು ಮತ್ತೆ ತೆರೆದಾಗ ಮುಂಬಯಿ ಚಲನಚಿತ್ರೋತ್ಸವದ ಸಮಾರಂಭ ಇಲ್ಲೇ ನಡೆಯಿತು. ಅದೇ ದಿನಗಳಲ್ಲಿ ಮುಂಬಯಿಯಲ್ಲೇ ಹುಟ್ಟಿದ ಸೊಪ್ರಾನೊ (ಏರುದನಿಯ) ಗಾಯಕಿ ಪೆಟ್ರೀಷಿಯಾ ರೊಜಾರಿಯೊ ಇಲ್ಲಿ ಹಾಡಿದರು. ಮರುವರ್ಷ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಸಂರಕ್ಷಣಾ ಪ್ರಶಸ್ತಿಯೂ ಸಂದಿತು.