ನಡೀತಿದೆಯಲ್ಲ, ಮತ್ಯಾಕೆ ಕೈ ಹಚ್ಚೋದು?

ಮುಂಬೈ, ಪುಣೆಗಳಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಇದು ಗೊತ್ತಿರುತ್ತದೆ. ಮನೆಯ ಜತೆಗೆ ಮಾಲೀಕರ ಹಳೇ ಕಪಾಟೊಂದು ಬರುತ್ತದೆ. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಒಂದು ಖಾನೆಯ ಕೀಲಿಕೈ ಕಳೆದಿದೆ, ಆದರೂ ಅದರಲ್ಲೇ ಬಟ್ಟೆ ಇಟ್ಟುಕೊಂಡು ವರ್ಷಗಟ್ಟಲೆ ಕಳೆಯುತ್ತೇವೆ. ಆಪರೇಟಿಂಗ್ ಸಿಸ್ಟಮ್ ಜತೆಗೂ ಹೀಗೆ ಕೇಳದೆ ಬರುವ ಸಾಮಾನು ಬಹಳ. ಅದರಲ್ಲೊಂದು ಮೇಲ್ ಸರ್ವರ್ ತಂತ್ರಾಂಶ. ಯೂನಿಕ್ಸ್, ಲಿನಕ್ಸ್ ಲೋಕದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಪಾಟಿನ ಹೆಸರು ಸೆಂಡ್‌ಮೇಲ್.

ಅದನ್ನು ತೆಗೆದು ಬೇರೆಯದನ್ನು ಕೂರಿಸುವ ಕೆಲಸ 2009ರಲ್ಲಿ ನನ್ನ ಪಾಲಿಗೆ ಬಂತು. ಆಗ ನಾನು ಪುಣೆಯ ಭೋಸರಿಯಲ್ಲಿ, ಯಂತ್ರಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ನಲವತ್ತು ಜನರ ಮೇಲ್, ಮೂಲೆಯಲ್ಲೊಂದು ಸರ್ವರ್, ಅದರ ಮೇಲೆ ಸೆಂಟ್‌ಓಎಸ್ 5. ಆರ್ಡರು, ಕೊಟೇಶನ್ನು, ಬ್ಯಾಂಕಿನ ಪತ್ರ ಎಲ್ಲ ಅದರ ಮೂಲಕವೇ ಹೋಗಬೇಕು, ಬರಬೇಕು. ಬದಲಿಸುವ ಮಾತೆತ್ತಿದಾಗ ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ: “ಚಾಲ್ತಂಯ್ ನಾ, ಮಗ್ ಹಾತ್ ಕಶಾಲಾ ಲಾವಾಯ್ಚಾ?” ನಡೀತಿದೆಯಲ್ಲ, ಮತ್ಯಾಕೆ ಕೈ ಹಚ್ಚೋದು?

ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಸೆಂಡ್‌ಮೇಲ್ ನಿಜಕ್ಕೂ ನಡೆಯುತ್ತಿತ್ತು. ಅದನ್ನು ಬರೆದ ಎರಿಕ್ ಆಲ್ಮನ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು. 1980ರ ದಶಕದ ಆರಂಭದಲ್ಲಿ ಜಾಲಗಳು ಹಲವಾರಿದ್ದವು, ಪ್ರತಿಯೊಂದು ಜಾಲದ ವಿಳಾಸದ ರೀತಿಯೂ ಬೇರೆ. ಒಂದರಲ್ಲಿ ಈಗಿನ ‘ಅಟ್’ ಚಿಹ್ನೆ, ಇನ್ನೊಂದರಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಯಂತ್ರದಿಂದ ಯಂತ್ರಕ್ಕೆ ದಾರಿ ಬರೆಯಬೇಕು. ಒಂದು ಜಾಲದ ವಿಳಾಸವನ್ನು ಇನ್ನೊಂದಕ್ಕೆ ತಿರುಗಿಸಿ ಬರೆಯಬಲ್ಲ ಅಂಚೆಯಣ್ಣ ಬೇಕಾಗಿತ್ತು. ಸೆಂಡ್‌ಮೇಲ್ ಆ ಕೆಲಸಕ್ಕೆ ಹುಟ್ಟಿದ್ದು. 1983ರ ಹೊತ್ತಿಗೆ ಬರ್ಕ್ಲಿಯ ಯೂನಿಕ್ಸ್ ಜತೆ ಬಂದು, ಅಲ್ಲಿಂದ ಎಲ್ಲ ಕಡೆ ಹರಡಿತು.

ಅಷ್ಟೊಂದು ಬಗೆಯ ವಿಳಾಸ ತಿರುಗಿಸಬೇಕಾದ್ದರಿಂದ ಅದರ ಸಂರಚನೆಯ ಫೈಲೇ ಒಂದು ಚಿಕ್ಕ ಭಾಷೆಯಾಯಿತು. ಡಾಲರ್, ನಕ್ಷತ್ರ, ಪ್ಲಸ್ ಚಿಹ್ನೆಗಳಿಂದ ತುಂಬಿದ ನೂರಾರು ಸಾಲು. ಪಂಚಾಂಗ ಇದ್ದ ಹಾಗೆ: ಮನೆಯಲ್ಲಿ ಎಲ್ಲರ ಕೈಗೂ ಸಿಗುತ್ತದೆ, ಅರ್ಥ ಹೇಳಲು ಮಾತ್ರ ಜೋಯಿಸರೇ ಬರಬೇಕು. ಆಮೇಲೆ ಇದಕ್ಕೆ ಎಂ4 ಎಂಬ ಉಪಕರಣದ ಬಳಕೆ ಬಂತು. ಸರಳವಾದ ಚಿಕ್ಕ ಫೈಲಿನಲ್ಲಿ ಬೇಕಾದ್ದು ಬರೆದರೆ ಎಂ4 ಅದರಿಂದ ದೊಡ್ಡ ಫೈಲನ್ನು ತಯಾರಿಸಿ ಕೊಡುತ್ತದೆ. ದೊಡ್ಡದನ್ನು ಕೈಯಿಂದ ಮುಟ್ಟಬಾರದು ಎಂಬುದು ನಿಯಮ.

ನಮ್ಮ ಕಾರ್ಖಾನೆಯಲ್ಲಿ ಮೊದಲಿದ್ದ ಯಾರೋ ಆ ದೊಡ್ಡ ಫೈಲನ್ನೇ ಕೈಯಿಂದ ತಿದ್ದಿದ್ದರು. ಅವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಇಂಟರ್ನೆಟ್ ಕೊಡುತ್ತಿದ್ದ ಕಂಪನಿಯಿಂದ ಪತ್ರ ಬಂತು: ಮುಂದಿನ ತಿಂಗಳಿಂದ ಹೊರಹೋಗುವ ಮೇಲ್ ಎಲ್ಲ ತಮ್ಮ ಸರ್ವರ್ ಮೂಲಕವೇ, ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಹೋಗಬೇಕು. ಸೆಂಡ್‌ಮೇಲ್‌ನಲ್ಲಿ ಇದನ್ನು ಸೇರಿಸಲು ಚಿಕ್ಕ ಫೈಲಿನಿಂದ ದೊಡ್ಡದನ್ನು ಹೊಸದಾಗಿ ತೆಗೆಯಬೇಕು. ತೆಗೆದರೆ ಹಳಬರ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ. ಅವು ಏನು ಮಾಡುತ್ತಿದ್ದವೆಂದು ಹೇಳುವವರು ಯಾರೂ ಇಲ್ಲ. ಮಾಲೀಕರಿಗೆ ಇಷ್ಟೇ ಹೇಳಿದೆ: “ನಡೀತಿದೆ ಸರ್, ಆದರೆ ಯಾಕೆ ನಡೀತಿದೆ ಅಂತ ಈ ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ.” ಒಪ್ಪಿದರು.

ಬದಲಿಗೆ ಪೋಸ್ಟ್‌ಫಿಕ್ಸ್ ಆರಿಸಿದೆ. ಕಾರಣಕ್ಕೆ ಸ್ವಲ್ಪ ಇತಿಹಾಸ ಬೇಕು. 1988ರ ನವೆಂಬರ್ 2ರಂದು ಮೋರಿಸ್ ಹುಳು ಇಂಟರ್ನೆಟ್ಟಿನ ಸಾವಿರಾರು ಯಂತ್ರಗಳನ್ನು ಕುಂಟಿಸಿತಲ್ಲ, ಅದು ನುಗ್ಗಿದ ದಾರಿಗಳಲ್ಲಿ ಒಂದು ಸೆಂಡ್‌ಮೇಲ್. ಪರೀಕ್ಷೆಗೆಂದು ಇಟ್ಟ ಡೀಬಗ್ ಸೌಲಭ್ಯ ತೆರೆದೇ ಉಳಿದಿತ್ತು. 2003ರ ಮಾರ್ಚ್ ತಿಂಗಳೊಂದರಲ್ಲೇ ಎರಡು ಗಂಭೀರ ದೋಷಗಳು ಹೊರಬಿದ್ದವು. ಬಹಳ ವರ್ಷ ಅದು ಒಂದೇ ದೊಡ್ಡ ಪ್ರೋಗ್ರಾಮ್ ಆಗಿ, ರೂಟ್ ಅಧಿಕಾರದಲ್ಲಿ ಓಡುತ್ತಿತ್ತು. ಒಂದು ಕಡೆ ಬಿರುಕು ಬಿಟ್ಟರೆ ಇಡೀ ಯಂತ್ರ ಕಳ್ಳನ ಕೈಗೆ.

ಡಚ್ ವಿಜ್ಞಾನಿ ವೀಟ್ಸೆ ವೆನೆಮಾ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದಾಗ ಬರೆದು 1998ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಪೋಸ್ಟ್‌ಫಿಕ್ಸ್, ಇದನ್ನೇ ಬೇರೆ ಥರ ಕಟ್ಟಿತು. ನಮ್ಮ ಅಂಚೆ ಕಚೇರಿಯ ಕೌಂಟರುಗಳ ಹಾಗೆ ಪತ್ರ ತೆಗೆದುಕೊಳ್ಳುವವರು ಬೇರೆ, ವಿಂಗಡಿಸುವವರು ಬೇರೆ, ಹಂಚುವವರು ಬೇರೆ. ಬಹುಪಾಲು ಕೌಂಟರುಗಳಿಗೆ ರೂಟ್ ಅಧಿಕಾರವೇ ಇಲ್ಲ. ಸಂರಚನೆ ಒಂದು ಸಾಲಿಗೆ ಒಂದು ಮಾತು: ಯಂತ್ರದ ಹೆಸರು ಇದು, ಇಂಥ ಡೊಮೈನಿನ ಪತ್ರ ನಮ್ಮದು, ಹೊರಗಿನದ್ದನ್ನು ಇಂಥಲ್ಲಿಗೆ ಕೊಡು. ಇಂಟರ್ನೆಟ್ ಕಂಪನಿ ಕೇಳಿದ ಪಾಸ್‌ವರ್ಡ್ ವ್ಯವಸ್ಥೆ ನಾಲ್ಕೈದು ಸಾಲಿನಲ್ಲಿ ಮುಗಿಯಿತು.

ಆದರೆ ಹಳೆಯದನ್ನು ತೆಗೆದರೆ ಅದನ್ನೇ ನಂಬಿದ ಉಳಿದ ಪ್ರೋಗ್ರಾಮುಗಳ ಗತಿ ಏನು? ರಾತ್ರಿ ವರದಿ ಕಳಿಸುವ ಕ್ರಾನ್, ವೆಬ್‌ಸೈಟಿನ ಪಿಎಚ್‌ಪಿ, ಎಲ್ಲವೂ ಸೆಂಡ್‌ಮೇಲ್ ಎಂಬ ಹೆಸರನ್ನೇ ಕರೆಯುತ್ತವೆ. ಹಾಗಾಗಿ ಪೋಸ್ಟ್‌ಫಿಕ್ಸ್, ಎಕ್ಸಿಮ್ ಮೊದಲಾದವೆಲ್ಲ ಅದೇ ಹೆಸರಿನ ಆಜ್ಞೆಯನ್ನೂ ಕೊಡುತ್ತವೆ. ಬಾಗಿಲ ಮೇಲಿನ ಫಲಕ ಹಳೆಯದು, ಒಳಗೆ ಕೂತವರು ಹೊಸಬರು. ರೆಡ್‌ಹ್ಯಾಟ್ ಬಳಗದಲ್ಲಿ ‘ಆಲ್ಟರ್ನೇಟಿವ್ಸ್’ ಎಂಬ ಆಜ್ಞೆಯಿಂದ ಫಲಕವನ್ನು ಯಾರ ಕಡೆ ತಿರುಗಿಸಬೇಕೆಂದು ಆರಿಸಬಹುದು. ಎರಡೂ ತಂತ್ರಾಂಶ ಒಟ್ಟಿಗೆ ಇರಬಹುದು, ಬೇಕೆಂದರೆ ನಿಮಿಷದಲ್ಲಿ ಹಿಂದಕ್ಕೂ ಹೋಗಬಹುದು.

ಒಂದು ವಾರ ಕೂತು ಹಳೇ ಫೈಲನ್ನು ಮೂಲದ ಜತೆ ಸಾಲುಸಾಲಾಗಿ ಹೋಲಿಸಿದೆ. ತಿದ್ದುಪಡಿಗಳು ಮೂರೇ: ಚಾಕಣದ ಗೋದಾಮಿನ ಪತ್ರ ಬೇರೆ ಯಂತ್ರಕ್ಕೆ, ಹಳೇ ಡೊಮೈನಿನ ಪತ್ರ ಹೊಸದಕ್ಕೆ, ಯಂತ್ರದ ಒಳಹೆಸರು ಹೊರಗೆ ಕಾಣದ ಹಾಗೆ. ಮೂರಕ್ಕೂ ಪೋಸ್ಟ್‌ಫಿಕ್ಸ್‌ನಲ್ಲಿ ಸಮಾನ ಪಟ್ಟಿಗಳಿವೆ. ಅಡ್ಡಹೆಸರುಗಳ ಫೈಲು ಇದ್ದ ಹಾಗೇ ನಡೆಯಿತು. ಜನರ ಇನ್‌ಬಾಕ್ಸ್ ಇದ್ದ ಜಾಗದಲ್ಲೇ ಉಳಿಯಿತು.

ನನಗೆ ನಿದ್ದೆಗೆಡಿಸಿದ್ದು ಸರದಿಯಲ್ಲಿ ನಿಂತ ಪತ್ರಗಳು. ಮೇಲ್ ವ್ಯವಹಾರದಲ್ಲಿ ಒಂದು ಹಳೇ ಕರಾರಿದೆ. ಸರ್ವರ್ ಒಂದು ಪತ್ರ ತೆಗೆದುಕೊಂಡು ‘250’ ಎಂದು ಉತ್ತರ ಕೊಟ್ಟಿತೆಂದರೆ ಆ ಪತ್ರದ ಜವಾಬ್ದಾರಿ ಅದರದು. ತಲುಪಿಸಬೇಕು, ಆಗದಿದ್ದರೆ ಕಳಿಸಿದವರಿಗೆ ಆಗಲಿಲ್ಲವೆಂದು ತಿಳಿಸಬೇಕು. ಎದುರಿನ ಸರ್ವರ್ ಬಂದ್ ಇದ್ದರೆ ಸೆಂಡ್‌ಮೇಲ್ ಐದು ದಿನದವರೆಗೆ ಮತ್ತೆ ಮತ್ತೆ ಯತ್ನಿಸುತ್ತದೆ. ಹಾಗೆ ಕಾಯುವ ಪತ್ರಗಳನ್ನು ಅದು ಇಡುವ ರೀತಿ ಪೋಸ್ಟ್‌ಫಿಕ್ಸ್‌ಗೆ ಓದಲು ಬರುವುದಿಲ್ಲ. ಅವಸರದಲ್ಲಿ ಹಳೆಯದನ್ನು ಅಳಿಸಿದರೆ ಆ ಪತ್ರಗಳು ಸದ್ದಿಲ್ಲದೆ ಸಾಯುತ್ತವೆ. ಕಳಿಸಿದವರು ಹೋಯಿತೆಂದು ತಿಳಿದಿರುತ್ತಾರೆ, ಪಡೆಯುವವರಿಗೆ ಬರಬೇಕಿತ್ತೆಂಬುದೇ ಗೊತ್ತಿರುವುದಿಲ್ಲ.

ವಾರದ ರಜೆಯ ದಿನ ಬೆಳಿಗ್ಗೆ ನೋಡಿದರೆ ಸರದಿಯಲ್ಲಿ ಇಪ್ಪತ್ತೇಳು ಪತ್ರ. ಅದರಲ್ಲೊಂದು ಹೊಸೂರಿನ ಗಿರಾಕಿಗೆ ಹೊರಟ ಕೊಟೇಶನ್. ಮರುದಿನವೇ ಕೊನೇ ದಿನ, ಅವರ ಸರ್ವರ್ ನಿನ್ನೆಯಿಂದ ಬಂದ್. ಸೆಂಡ್‌ಮೇಲ್ ಹೊಸ ಪತ್ರ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಬಾಗಿಲನ್ನು ಪೋಸ್ಟ್‌ಫಿಕ್ಸ್‌ಗೆ ಕೊಟ್ಟೆ. ಹಳೇ ಸರದಿಯನ್ನು ಮಾತ್ರ ಖಾಲಿ ಮಾಡುತ್ತಿರೆಂದು ಸೆಂಡ್‌ಮೇಲ್ ಅನ್ನು ಹಿಂದುಗಡೆ ಓಡಲು ಬಿಟ್ಟೆ. ಪೋಸ್ಟ್‌ಫಿಕ್ಸ್‌ನಲ್ಲಿ ‘ಸಾಫ್ಟ್ ಬೌನ್ಸ್’ ಎಂಬ ಸಾಲನ್ನೂ ಹಾಕಿದೆ. ಅದು ಇರುವ ತನಕ ಪೋಸ್ಟ್‌ಫಿಕ್ಸ್ ಯಾವ ಪತ್ರವನ್ನೂ ಖಾಯಂ ಆಗಿ ತಿರಸ್ಕರಿಸದೆ ‘ಸ್ವಲ್ಪ ಹೊತ್ತು ಬಿಟ್ಟು ಬಾ’ ಅನ್ನುತ್ತದೆ. ನಮ್ಮ ಹೊಸ ಸಂರಚನೆಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ಕೊಟೇಶನ್ ಮೇಲೆ ಕಣ್ಣಿಟ್ಟುಕೊಂಡೇ ಊಟ ಮಾಡಿದೆ. ರಾತ್ರಿ ಒಂಬತ್ತೂವರೆಗೆ ಹೊಸೂರಿನ ಸರ್ವರ್ ಎದ್ದಿತು, ಪತ್ರ ಹೋಯಿತು. ಲಾಗ್‌ನಲ್ಲಿ ಅವರ ‘250’ ಕಂಡ ಮೇಲೆಯೇ ಮನೆಗೆ ಹೊರಟೆ. ಎರಡು ಪತ್ರ ಮಾತ್ರ ವಿಳಾಸವೇ ಇಲ್ಲದವು. ಅವು ಐದನೇ ದಿನ ಕಳಿಸಿದವರಿಗೆ ವಾಪಸ್ ಬಂದವು. ಸರದಿ ಸೊನ್ನೆಯಾದ ಮೇಲೆ ಸೆಂಡ್‌ಮೇಲ್ ತೆಗೆದೆ. ಅಕೌಂಟ್ಸಿನ ಮ್ಯಾಡಮ್‌ಗೆ ಬದಲಾದದ್ದೇ ಗೊತ್ತಾಗಲಿಲ್ಲ. ಇಂಥ ಕೆಲಸಕ್ಕೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಮರುವರ್ಷ, 2010ರಲ್ಲಿ, ರೆಡ್‌ಹ್ಯಾಟ್ ತನ್ನ 6ನೇ ಆವೃತ್ತಿಯಲ್ಲಿ ಪೋಸ್ಟ್‌ಫಿಕ್ಸ್ ಅನ್ನೇ ಮೊದಲ ಆಯ್ಕೆ ಮಾಡಿತು. ಆಪಲ್ 2003ರಲ್ಲೇ ಬದಲಿಸಿತ್ತು. ಓಪನ್‌ಬಿಎಸ್‌ಡಿ 2014ರಲ್ಲಿ ತನ್ನದೇ ಓಪನ್‌ಎಸ್‌ಎಂಟಿಪಿಡಿಗೆ ಬಂತು. ಫ್ರೀಬಿಎಸ್‌ಡಿ 2023ರಲ್ಲಿ, 14ನೇ ಆವೃತ್ತಿಗೆ, ಸೆಂಡ್‌ಮೇಲ್ ಸ್ಥಾನದಲ್ಲಿ ಬಹಳ ಚಿಕ್ಕದಾದ ಡಿಎಂಎ ಇಟ್ಟಿತು. ಕಪಾಟು ಕೊಡುವವರೇ ಕಪಾಟು ಬದಲಿಸುತ್ತಾರೆ, ಆದರೆ ಅವರ ಪುರುಸೊತ್ತಿಗೆ. ನಮ್ಮ ಗಡುವು ಅವರಿಗೆ ಗೊತ್ತಿರುವುದಿಲ್ಲ.

ಇವತ್ತು ಸಣ್ಣ ಕಂಪನಿಗಳೆಲ್ಲ ಮೇಲ್ ಅನ್ನು ಹೊರಗಿನವರಿಗೆ ಒಪ್ಪಿಸುತ್ತವೆ, ಬಹುತೇಕ ಅದೇ ಸರಿ. ಆದರೂ ನಿಮ್ಮ ಸಂಘದ ವೆಬ್‌ಸೈಟಿಗೋ ಆಫೀಸಿಗೋ ಬಾಡಿಗೆಗೆ ಪಡೆದ ಸರ್ವರಿನಲ್ಲಿ ಮೇಲ್ ತಂತ್ರಾಂಶವೊಂದು ಓಡುತ್ತಿರಬಹುದು. ಅದು ಯಾವುದು, ಹೊರಗಿನಿಂದ ಪತ್ರ ತೆಗೆದುಕೊಳ್ಳುತ್ತದೆಯೇ, ಅದರ ಸರದಿಯಲ್ಲಿ ಏನು ಕೂತಿದೆ ಎಂದು ಒಮ್ಮೆ ನೋಡಿ. ವರದಿ ಕಳಿಸುವುದಷ್ಟೇ ಕೆಲಸವಾದರೆ ಚಿಕ್ಕದು ಸಾಕು. ಕನ್ನಡ ಲಿಪಿಯ ಮೇಲ್ ವಿಳಾಸ ನಿಭಾಯಿಸುವ ಆಸೆಯಿದ್ದರೆ ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಅದಕ್ಕೆ ತಯಾರಿದೆ. ಎದುರಿನ ಸರ್ವರೂ ತಯಾರಿರಬೇಕು, ಅಷ್ಟೇ.

ಆ ಕಾರ್ಖಾನೆ ಬಿಡುವಾಗ ಯಾವ ಸಾಲು ಯಾಕಿದೆ ಎಂದು ಒಂದೂವರೆ ಪುಟ ಬರೆದು ಸರ್ವರಿನ ಪಕ್ಕದ ಗೋಡೆಗೆ ಅಂಟಿಸಿದೆ. ನನ್ನ ಜಾಗಕ್ಕೆ ಬಂದ ನಾಂದೇಡದ ಹುಡುಗ ಅದನ್ನೂ ಸಂರಚನೆಯ ಫೈಲನ್ನೂ ಜತೆಗಿಟ್ಟುಕೊಂಡು ಅರ್ಧ ಗಂಟೆ ಓದಿದ. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ. ಎರಡೂ ಚಾಕಣದ ಗೋದಾಮಿನ ಬಗ್ಗೆ.