ಆದಿಕವಿ ಪಂಪ ಅಣ್ಣಿಗೇರಿಯಲ್ಲಿ ಹುಟ್ಟಿದ್ದು ನಿಜವೇ?

ನವೆಂಬರ್ ಬಂತೆಂದರೆ ‘ದಿನಕ್ಕೊಂದು ಕನ್ನಡ ಮಾಹಿತಿ’ ಸಂದೇಶಗಳ ಸುಗ್ಗಿ. ತಿರ್ಲಾಪುರ, ನವಲಗುಂದ, ಅಣ್ಣಿಗೇರಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಹಳ ಪ್ರಿಯವಾದದ್ದು, ಆದಿಕವಿ ಪಂಪ ಕ್ರಿ.ಶ. 902ರಲ್ಲಿ ಅಣ್ಣಿಗೇರಿಯಲ್ಲಿ ಹುಟ್ಟಿದ ಎನ್ನುವ ಸಂದೇಶ. ಮುಂದಿನ ವಾರ ಇನ್ನೊಂದು ಗುಂಪಿನಲ್ಲಿ ಅದೇ ಪಂಪ ಬನವಾಸಿಯವನಾಗಿರುತ್ತಾನೆ. ಮತ್ತೊಂದರಲ್ಲಿ ವೆಂಗಿಯ ತೆಲುಗಿನವನಾಗಿ, ಕೆಳಗೆ ಜಗಳ ಶುರುವಾಗಿರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಇವುಗಳಲ್ಲಿ ಯಾವುದನ್ನು ನಂಬಬೇಕು?

ಮೊದಲು ಇಸವಿ ನೋಡೋಣ. ಅದು ಸರಿಯಿದೆ, ಮತ್ತು ನೀವೇ ಲೆಕ್ಕ ಹಾಕಿ ನೋಡಬಹುದು. ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನೆಂದು ಪಂಪನೇ ಹೇಳಿಕೊಂಡಿದ್ದಾನೆ. ‘ಆದಿಪುರಾಣ’ ಮುಗಿದದ್ದು ಶಕ 863, ಪ್ಲವ ಸಂವತ್ಸರದಲ್ಲಿ ಎಂದೂ ಬರೆದಿದ್ದಾನೆ. ಶಕ ವರ್ಷಕ್ಕೆ 78 ಕೂಡಿಸಿದರೆ 941. ಸಂವತ್ಸರಗಳ ಚಕ್ರ 60 ವರ್ಷಕ್ಕೊಮ್ಮೆ ತಿರುಗುತ್ತದೆ. ನಮ್ಮ ಕಾಲದಲ್ಲಿ ಪ್ಲವ ಬಂದದ್ದು 2021ರ ಯುಗಾದಿಗೆ, ದುಂದುಭಿ ಬಂದದ್ದು 1982ರ ಯುಗಾದಿಗೆ. ಎರಡರಲ್ಲೂ 18 ಸುತ್ತು, ಅಂದರೆ 1080 ವರ್ಷ ಕಳೆಯಿರಿ: 941 ಮತ್ತು 902. ಕವಿಯ ಮಾತಿಗೂ ಪಂಚಾಂಗಕ್ಕೂ ತಾಳೆಯಾಗುತ್ತದೆ. ಅದಕ್ಕೂ ಹಿಂದಿನ ದುಂದುಭಿ 842ರದು. ಅದನ್ನು ಹಿಡಿದರೆ ‘ಆದಿಪುರಾಣ’ ಬರೆಯುವಾಗ ಪಂಪನಿಗೆ 99 ವರ್ಷ ಎನ್ನಬೇಕಾಗುತ್ತದೆ! ಹೊಸ ಸಂವತ್ಸರ ಶುರುವಾಗುವುದು ಯುಗಾದಿಗೆ, ಜನವರಿಗಲ್ಲ. ಹಾಗಾಗಿ 902-903 ಎಂದು ಬರೆದರೆ ಇನ್ನೂ ಸರಿ.

ತೊಡಕಿರುವುದು ಊರಿನಲ್ಲಿ. ಪಂಪ ತನ್ನ ಕಾವ್ಯಗಳಲ್ಲಿ ಹುಟ್ಟಿದ ಊರು ಇಂಥದ್ದು ಎಂದು ಹೇಳಿಲ್ಲ. ಹೇಳಿರುವುದು ಮನೆತನದ ಮೂಲವನ್ನು. ಅವನ ಪೂರ್ವಿಕ ಮಾಧವ ಸೋಮಯಾಜಿ ವೆಂಗಿ ನಾಡಿನವನು. ‘ಪಂಪ ತೆಲುಗಿನವನು’ ಎಂಬ ಸಂದೇಶ ಹುಟ್ಟಿದ್ದು ಇಲ್ಲಿಂದ. ಇನ್ನು ಬನವಾಸಿ. ಆ ನಾಡಿನಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕು ಎಂಬ ಪ್ರಸಿದ್ಧ ಪದ್ಯ ಬರುವುದು ‘ವಿಕ್ರಮಾರ್ಜುನ ವಿಜಯ’ದಲ್ಲಿ, ಅರ್ಜುನ ತೀರ್ಥಯಾತ್ರೆ ಮಾಡುತ್ತ ಬನವಾಸಿಗೆ ಬಂದ ಸಂದರ್ಭದಲ್ಲಿ. ಕವಿಗೆ ಆ ನಾಡಿನ ಮೇಲೆ ಎಷ್ಟು ಪ್ರೀತಿಯಿತ್ತೆಂದು ಅದರಿಂದ ತಿಳಿಯುತ್ತದೆ, ಅಷ್ಟೇ. ಅದನ್ನು ಜನನ ಪ್ರಮಾಣಪತ್ರವೆಂದು ಓದಲು ಬರುವುದಿಲ್ಲ.

ಹಾಗಾದರೆ ಅಣ್ಣಿಗೇರಿಯ ಹೆಸರು ಬಂದದ್ದು ಎಲ್ಲಿಂದ? ಉತ್ತರ ಧಾರವಾಡ ಜಿಲ್ಲೆಯಲ್ಲಿಲ್ಲ, ತೆಲಂಗಾಣದಲ್ಲಿದೆ. ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿ ಆಳಿದ್ದು ಈಗ ತೆಲಂಗಾಣದಲ್ಲಿರುವ ವೇಮುಲವಾಡದಿಂದ. ಅದೇ ಸೀಮೆಯ ಕರೀಂನಗರ ಜಿಲ್ಲೆಯ ಕುರಿಕ್ಯಾಲ ಎಂಬ ಹಳ್ಳಿಯ ಬಳಿ ಬೊಮ್ಮಲಗುಟ್ಟ ಎಂಬ ಗುಡ್ಡವಿದೆ. ಅಲ್ಲಿ ಬಂಡೆಯ ಮೇಲೆ ಚಕ್ರೇಶ್ವರಿ ಮತ್ತು ಜಿನರ ಮೂರ್ತಿಗಳಿವೆ, ಅವುಗಳ ಜೊತೆಗೊಂದು ಶಾಸನವಿದೆ. ಬರೆಸಿದವನು ಪಂಪನ ತಮ್ಮ ಜಿನವಲ್ಲಭ. ತಾನು ಅಲ್ಲಿ ಮಾಡಿಸಿದ ಬಸದಿ, ಕೆರೆ, ಬನದ ವಿವರ ಕೊಡುತ್ತ ಮನೆಯವರ ಪರಿಚಯವನ್ನೂ ಹೇಳಿದ್ದಾನೆ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ. ಈ ಅಬ್ಬಣಬ್ಬೆ ಬೆಳ್ವೊಲ ನಾಡಿನ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳು.

ಅಣ್ಣಿಗೇರಿಯ ಬಗ್ಗೆ ಆ ಕಲ್ಲಿನಲ್ಲಿರುವುದು ಇಷ್ಟು. ‘ಪಂಪ ಅಲ್ಲಿ ಹುಟ್ಟಿದ’ ಎಂಬ ಮಾತು ಅದರಲ್ಲಿಲ್ಲ.

ಉಳಿದದ್ದನ್ನು ಓದಿದವರು ಕೂಡಿಸಿಕೊಂಡಿದ್ದಾರೆ. ಅಣ್ಣಿಗೇರಿ ತಾಯಿಯ ತವರು, ಚೊಚ್ಚಲ ಹೆರಿಗೆ ತವರಲ್ಲಿ ಆಗುವುದು ವಾಡಿಕೆ, ಪಂಪ ಅಣ್ಣ, ಆದ್ದರಿಂದ ಅವನು ಹುಟ್ಟಿದ್ದು ಅಲ್ಲೇ ಇರಬೇಕು. ಚೊಚ್ಚಲಿಗೆ ಮಗಳನ್ನು ಬಾಣಂತನಕ್ಕೆ ಕರೆತರುವ ಪದ್ಧತಿ ನಮ್ಮ ಊರುಗಳಲ್ಲಿ ಇವತ್ತಿಗೂ ಇರುವುದರಿಂದ ಈ ತರ್ಕ ಸುಲಭವಾಗಿ ಒಪ್ಪಿಗೆಯಾಗುತ್ತದೆ. ನನಗೂ ಇದು ತೀರಾ ಅಸಂಭವ ಎನಿಸುವುದಿಲ್ಲ. ಆದರೆ ಒಂದು ಪದವನ್ನು ಎಲ್ಲರೂ ದಾಟಿಕೊಂಡು ಹೋಗುತ್ತಾರೆ: ಮೊಮ್ಮಗಳು. ಮಗನ ಮಗಳೂ ಮೊಮ್ಮಗಳೇ, ಮಗಳ ಮಗಳೂ ಮೊಮ್ಮಗಳೇ. ಅಬ್ಬಣಬ್ಬೆ ಜೋಯಿಸ ಸಿಂಘನ ಮಗಳ ಮಗಳಾಗಿದ್ದರೆ ಅಣ್ಣಿಗೇರಿ ಅವಳ ತವರಲ್ಲ, ಅವಳ ತಾಯಿಯ ತವರು. ಆಗ ತವರಿನ ಹೆರಿಗೆಯ ವಾದವೇ ನಿಲ್ಲುವುದಿಲ್ಲ. ಪಂಪ ಚೊಚ್ಚಲ ಮಗನೇ ಎಂಬುದನ್ನೂ ಶಾಸನ ಹೇಳುವುದಿಲ್ಲ.

ಹೀಗಾಗಿ ಈ ಸಂದೇಶವನ್ನು ಹಂಚುವ ಮನಸ್ಸಿದ್ದರೆ ಒಂದೇ ಒಂದು ತಿದ್ದುಪಡಿ ಸಾಕು. ‘ಹುಟ್ಟಿದ ಊರು ಅಣ್ಣಿಗೇರಿ’ ಎನ್ನುವ ಬದಲು ‘ತಾಯಿಯ ಮನೆತನದ ಊರು ಅಣ್ಣಿಗೇರಿ’ ಎಂದು ಬರೆಯಿರಿ. ಇದಕ್ಕೆ ಕಲ್ಲಿನ ಸಾಕ್ಷಿಯಿದೆ, ಕವಿಯ ಸ್ವಂತ ತಮ್ಮನ ಮಾತಿದೆ. ಇಷ್ಟು ಗಟ್ಟಿ ಆಧಾರ ಸಾವಿರ ವರ್ಷದ ಹಿಂದಿನ ಎಷ್ಟು ಕವಿಗಳಿಗೆ ಸಿಗುತ್ತದೆ?

ಈ ಭಾಗದವರು ಹೆಮ್ಮೆಪಡಲು ಇದಕ್ಕಿಂತ ದೊಡ್ಡ ಕಾರಣವೂ ಇದೆ, ಅದು ಮಾತ್ರ ಫಾರ್ವರ್ಡ್‌ಗಳಲ್ಲಿ ಕಾಣುವುದೇ ಅಪರೂಪ. ತಾನು ಕಾವ್ಯ ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ಪಂಪ ಹೇಳುತ್ತಾನೆ. ಪುಲಿಗೆರೆ ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಅವನಿಗಿಂತ ಮುಂಚಿನ ‘ಕವಿರಾಜಮಾರ್ಗ’ವೂ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಹೆಸರಿಸುವ ಊರುಗಳಲ್ಲಿ ಪುಲಿಗೆರೆ ಒಂದು. ಹುಟ್ಟಿದ ಊರನ್ನು ಯಾರೂ ಆರಿಸಿಕೊಂಡು ಬರುವುದಿಲ್ಲ. ಕಾವ್ಯಕ್ಕೆ ಈ ಸೀಮೆಯ ಭಾಷೆಯೇ ಬೇಕೆಂದು ಪಂಪ ಆರಿಸಿಕೊಂಡ.

ತೆಲುಗು-ಕನ್ನಡ ಜಗಳದಲ್ಲಿರುವವರಿಗೆ ಆ ಶಾಸನದ ಇನ್ನೊಂದು ಸಂಗತಿ. ಅದು ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಇದೆ. ಅದರ ತೆಲುಗು ಕಂದಪದ್ಯಗಳು ನನ್ನಯನ ಮಹಾಭಾರತಕ್ಕಿಂತಲೂ ಹಳೆಯವು. ಹಾಗಾಗಿ ತೆಲುಗಿನವರೂ ಅದನ್ನು ತಮ್ಮ ಅಮೂಲ್ಯ ದಾಖಲೆ ಎಂದೇ ಎಣಿಸುತ್ತಾರೆ. ಕರೀಂನಗರವಾದರೋ ಗ್ರಾನೈಟ್ ಗಣಿಗಳಿಗೆ ಹೆಸರಾದ ಜಿಲ್ಲೆ. ಈ ಗುಡ್ಡ ಕಲ್ಲುಗಣಿಯ ಪಾಲಾಗದಂತೆ ದನಿ ಎತ್ತಿದವರೂ ಅಲ್ಲಿನ ಇತಿಹಾಸಾಸಕ್ತರೇ.